ವ್ಯಾನಣ್ಣ ಎಣ್ಣೆ ಬಿಟ್ಟದ್ದು

ನಮ್ಮ ಭಾಷೆಯಲ್ಲಿ ‘ಬಿಡು’ ಎಂಬ ಪದದಷ್ಟು ನಂಬಲಾಗದ ಪದ ಇನ್ನೊಂದಿಲ್ಲ. ಮಳೆ ಬಿಟ್ಟಿತು ಎಂದರೆ ಮಳೆ ಹೋಯಿತು. ಗಿಡ ಹೂ ಬಿಟ್ಟಿತು ಎಂದರೆ ಹೂ ಬಂತು. ಹೊಸ ಬಸ್ಸು ಬಿಟ್ಟರು ಎಂದರೆ ಸಂತೋಷಪಡಬೇಕು. ಬಸ್ಸು ಬಿಟ್ಟು ಹೋಯಿತು ಎಂದರೆ ತಲೆ ಮೇಲೆ ಕೈ ಹೊತ್ತು ಕೂರಬೇಕು. ಇಪ್ಪತ್ತೆರಡು ವರ್ಷದಿಂದ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ನಡೆಸುತ್ತಿರುವ ನಾನು ಈ ಪದವನ್ನು ಎಷ್ಟು ಸಾವಿರ ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಅದು ಒಂದು ದಿನ ನನಗೇ ಕೈಕೊಡುತ್ತದೆ ಎಂದು ಅನುಮಾನವೂ ಬಂದಿರಲಿಲ್ಲ. ಕೊಟ್ಟಿತು. ಅದರಿಂದ ಒಬ್ಬ ಸಭ್ಯ ಮನುಷ್ಯನ ವ್ಯಾನಿನ ಕೀಲಿ ಹೋಯಿತು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಇದರಲ್ಲಿ ನನ್ನ ತಪ್ಪೂ ಒಂದಿದೆ, ಆ ಜಾಗ ಬಂದಾಗ ಮುಚ್ಚಿಡುವುದಿಲ್ಲ.

ನಮ್ಮದು ನಾಲ್ಕು ಮಹಡಿಯ ಕಟ್ಟಡ. ಕೆಳಗೆ ಮೆಟ್ಟಿಲ ಪಕ್ಕದಲ್ಲಿ ನನ್ನ ಅಂಗಡಿ, ಮೂರನೇ ಮಹಡಿಯ ಎಡಗಡೆ ವ್ಯಾನಣ್ಣನ ಮನೆ. ಅವನು ಸ್ಕೂಲ್ ವ್ಯಾನ್ ಓಡಿಸುತ್ತಾನೆ. ವ್ಯಾನಿನ ಹದಿನಾಲ್ಕು ಮಕ್ಕಳು ಇಟ್ಟ ಹೆಸರು ಅದು. ಈಗ ಕಟ್ಟಡದವರೆಲ್ಲ ಕರೆಯುವುದೂ ಅದೇ ಹೆಸರಿನಿಂದ. ಅವನ ಹೆಂಡತಿಗೆ ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಬೆಳಗ್ಗೆ ಆರಕ್ಕೆ ಹೋದರೆ ಸಂಜೆಯವರೆಗೆ ನಿಂತೇ ಹಾಸಿಗೆ ಬಟ್ಟೆಗಳನ್ನು ತೀಡಬೇಕು. ಮನೆಗೆ ಬಂದ ಮೇಲೆ ಒಲೆ ಮುಂದೆ ನಿಲ್ಲಬೇಕು. ವ್ಯಾನಣ್ಣ ಕೂತಿರುತ್ತಾನೆ, ತಟ್ಟೆ ಮುಂದೆ.

ಇದರಲ್ಲಿ ಅವನಿಗೊಂದು ಹೆಮ್ಮೆಯೂ ಇತ್ತು. “ನಮ್ಮನೇಲಿ ಉಪ್ಪಿನ ಡಬ್ಬಿ ಯಾವ ಮೂಲೇಲಿದೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲಪ್ಪ” ಎಂದು ನನ್ನ ಅಂಗಡಿಯ ಕಟ್ಟೆ ಮೇಲೆ ಕೂತು ಹೇಳುತ್ತಿದ್ದ, ದೊಡ್ಡ ಪರೀಕ್ಷೆ ಪಾಸಾದವನ ಹಾಗೆ. ನಾಲ್ಕನೇ ಮಹಡಿಯಲ್ಲಿರುವ ನಿವೃತ್ತ ಪೋಸ್ಟ್‌ಮಾಸ್ತರು ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಬಟಾಣಿ ಬಿಡಿಸುವುದನ್ನು ಕಂಡರೆ ಸುಮ್ಮನೆ ಹೋಗುತ್ತಿರಲಿಲ್ಲ. “ಏನ್ ಮಾಸ್ತರೇ, ಜಡೆ ಯಾವಾಗ ಹಾಕಿಸ್ಕೋತೀರಿ?” ಎನ್ನುತ್ತಿದ್ದ. ಮಾಸ್ತರು ಬಟಾಣಿ ಬಿಡಿಸುತ್ತಲೇ ಇರುತ್ತಿದ್ದರು, ಆದರೆ ಮರೆಯುತ್ತಿರಲಿಲ್ಲ.

ಸ್ಕೂಲ್ ವ್ಯಾನ್ ಓಡಿಸುವವರು ವರ್ಷಕ್ಕೊಮ್ಮೆ ಡಾಕ್ಟರ ಸಹಿಯ ಫಿಟ್‌ನೆಸ್ ಸರ್ಟಿಫಿಕೇಟ್ ತರಬೇಕು. ಅದಿಲ್ಲದಿದ್ದರೆ ವ್ಯಾನಿಲ್ಲ. ಈ ಸಲ ಉಚಿತ ಆಸ್ಪತ್ರೆಯ ಡಾಕ್ಟರಮ್ಮ ಅವನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಮೀಟರ್ ನೋಡಿ, ಇನ್ನೊಂದು ತೋಳಿಗೂ ಸುತ್ತಿ ನೋಡಿದರು.

“ಬೆಳಗ್ಗೆ ಏನು ತಿಂತೀರಿ?”

“ತಳ್ಳುಗಾಡೀಲಿ ಕರಿದಿದ್ದು ಮೇಡಂ.”

“ಮಧ್ಯಾಹ್ನ?”

“ಅದೇ ಗಾಡಿ. ಎಣ್ಣೇನೂ ಅದೇ, ಅವನು ಬದಲಾಯಿಸಲ್ಲ.”

“ಸಂಜೆ?”

“ಸಂಜೆ ಮನೆ ಊಟ ಮೇಡಂ. ನಮ್ಮನೆಯವಳ ಕೈ ಧಾರಾಳ.”

“ನೂರ ಅರವತ್ತೆರಡು ಇದೆ ಬಿ.ಪಿ. ಮಾತ್ರೆ ಬರೆದಿದೀನಿ. ಹಳೇ ಸರ್ಟಿಫಿಕೇಟ್ ಮುಗಿಯೋಕೆ ಆರು ವಾರ ಇದೆ. ಅಷ್ಟರಲ್ಲಿ ನೂರ ನಲವತ್ತರ ಕೆಳಗೆ ಬಂದ್ರೆ ಸಹಿ. ಬರದಿದ್ರೆ ಹದಿನಾಲ್ಕು ಮಕ್ಕಳನ್ನ ನಿಮ್ಮ ಕೈಗೆ ಕೊಡಿ ಅಂತ ನಾನು ಬರೆಯಲ್ಲ.” ಆಮೇಲೆ ಒಂದು ಚೀಟಿ ಕೊಟ್ಟರು. “ವಾರ್ಡ್ ಆಫೀಸಿನ ಹಿಂದಿನ ಹಾಲಲ್ಲಿ ಭಾನುವಾರ ಬೆಳಗ್ಗೆ ಆರೋಗ್ಯದ ಅಡುಗೆ ಕ್ಲಾಸು ಇದೆ. ಕಡಿಮೆ ಆದಾಯದವರಿಗೆ ಫ್ರೀ. ಮನೆಗೊಬ್ಬರು, ಆರು ವಾರ.”

“ನಮ್ಮನೆಯವಳಿಗೆ ಭಾನುವಾರಾನೂ ಡ್ಯೂಟಿ ಮೇಡಂ.”

“ಪಟ್ಟಿ ಕಟ್ಟಿದ್ದು ಯಾರ ತೋಳಿಗೆ?”

“ನನ್ನ ತೋಳಿಗೆ.”

“ಹಾಗಾದ್ರೆ ಆ ತೋಳೇ ಹೋಗಲಿ.”

ವ್ಯಾನಣ್ಣ ಮನೆಯಲ್ಲಿ ಬಿ.ಪಿ. ವಿಷಯ ಎತ್ತಲಿಲ್ಲ, ಅಡುಗೆ ವಿಷಯವಂತೂ ಕೇಳಬೇಡಿ. “ಭಾನುವಾರ ಡ್ರೈವರ್‌ಗಳ ಮೀಟಿಂಗು” ಎಂದ. ಕ್ಲಾಸಿನವರು ಕೊಟ್ಟ ಏಪ್ರನ್ನನ್ನು ವ್ಯಾನಿನ ಟೂಲ್ ಬಾಕ್ಸಿನಲ್ಲಿ, ಜಾಕಿಯ ಕೆಳಗೆ ಅಡಗಿಸಿಟ್ಟ.

ಮೊದಲ ದಿನ ನಡೆದದ್ದನ್ನು ಅಡುಗೆ ಕಲಿಸುವ ಟೀಚರಮ್ಮ ಆಮೇಲೆ ನನಗೆ ಹೇಳಿದರು. ಹಾಲಿನಲ್ಲಿ ಆರು ಒಲೆ, ಹನ್ನೆರಡು ಜನ, ಅದರಲ್ಲಿ ಹನ್ನೊಂದು ಹೆಂಗಸರು. ಟೀಚರಮ್ಮ ಕೊರಳಿಗೆ ಅಳತೆ ಚಮಚಗಳ ಗೊಂಚಲು ನೇತುಹಾಕಿಕೊಂಡು ಮುಂದೆ ನಿಂತರು. “ಇವತ್ತಿನ ಪಾಠ ಎರಡೇ ಪದ. ಎಣ್ಣೆ ಬಿಡಿ” ಎಂದು, ಅದು ಎಲ್ಲರ ಮನಸ್ಸಿಗೆ ಇಳಿಯಲಿ ಅಂತ ಸುಮ್ಮನಾದರು. ವ್ಯಾನಣ್ಣ ಶಿಸ್ತಿನ ಮನುಷ್ಯ, ಹಸಿರು ಸಿಗ್ನಲ್ ಬಿದ್ದರೆ ತಡಮಾಡುವವನಲ್ಲ. ಮುಂದಿದ್ದ ಬಾಟಲಿ ಎತ್ತಿ ಗುಳುಗುಳು ಅಂತ ಬಾಣಲೆಗೆ ಬಿಟ್ಟ.

“ಅಯ್ಯಯ್ಯೋ, ಏನ್ರೀ ಮಾಡ್ತಿದೀರಾ? ಎಣ್ಣೆ ಬಿಡಿ ಅಂದೆ!”

“ಬಿಡ್ತಾನೇ ಇದೀನಿ ಮೇಡಂ.”

“ಬಿಡಿ ಅಂದ್ರೆ ಬಿಟ್ಟುಬಿಡಿ ಅಂತ!”

ವ್ಯಾನಣ್ಣ ಬಾಟಲಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿ ತೋರಿಸಿದ. “ಪೂರ್ತಿ ಬಿಟ್ಟುಬಿಟ್ಟೆ ಮೇಡಂ. ತೊಟ್ಟೂ ಇಲ್ಲ.”

ಇಡೀ ಕ್ಲಾಸಿನ ಎರಡು ವಾರದ ಎಣ್ಣೆ ಅದು. ಆ ದಿನ ಎಲ್ಲರೂ ಎಣ್ಣೆಯಿಲ್ಲದೆ ಎಲೆಕೋಸು ಬೇಯಿಸುವುದನ್ನು ಕಲಿತರು.

ಆದರೆ ಮನುಷ್ಯ ದಡ್ಡನಲ್ಲ. ಎರಡನೇ ವಾರದಿಂದ ಅವನ ಕೈ ಕುದುರಿತು. ಗೇರ್ ಹಿಡಿದ ಕೈಗೆ ಸೌಟು ಕಷ್ಟವಾಗಲಿಲ್ಲ. ಹೆಂಡತಿ ಆರಕ್ಕೆ ಹೊರಟ ಮೇಲೆ ತಾನೇ ಕಾಳು, ತರಕಾರಿ ಬೇಯಿಸಿ ತಿನ್ನತೊಡಗಿದ. ಆಮೇಲೆ ಪಾತ್ರೆ ತೊಳೆದು, ಒರೆಸಿ, ಇದ್ದ ಜಾಗದಲ್ಲೇ ಇಟ್ಟುಬಿಡುತ್ತಿದ್ದ, ಕಳ್ಳನಿಗೂ ಅಷ್ಟು ನಾಜೂಕು ಬರುವುದಿಲ್ಲ. ಎಣ್ಣೆ ಡಬ್ಬಿಯ ದೊಡ್ಡ ಸೌಟನ್ನು ಎತ್ತಿ ಟೂಲ್ ಬಾಕ್ಸಿಗೆ ಸೇರಿಸಿದ. ಅದರ ಜಾಗಕ್ಕೆ ಕ್ಲಾಸಿನ ಪುಟ್ಟ ಚಮಚ ಬಂತು. ಹೆಂಡತಿ ಸೌಟು ಹುಡುಕಿ ಹುಡುಕಿ ಸಾಕಾಗಿ ಚಮಚದಲ್ಲೇ ಹಾಕತೊಡಗಿದಳು. ಮನೆಯ ಎಣ್ಣೆ ವಾರಕ್ಕೆ ಎರಡು ಲೀಟರಿನಿಂದ ಒಂದಕ್ಕೆ ಇಳಿಯಿತು.

ಈಗ ನನ್ನ ತಪ್ಪಿನ ಜಾಗ ಬಂತು.

ನಾಲ್ಕನೇ ವಾರದ ಕೊನೆಗೆ ಟೀಚರಮ್ಮ ನನ್ನ ಅಂಗಡಿಗೆ ಬಂದರು. ಪ್ರತಿಯೊಬ್ಬರೂ ಜೇಬಿನಲ್ಲಿ ಇಟ್ಟುಕೊಳ್ಳುವಂಥ ಪ್ರತಿಜ್ಞೆಯ ಕಾರ್ಡು ಬೇಕು ಎಂದರು. ಕೈಯಲ್ಲಿ ಬರೆದು ತಂದಿದ್ದ ಸಾಲು ಇದು: ‘ನಮ್ಮ ಮನೆಯ ಅಡುಗೆಯಲ್ಲಿ ಅಗತ್ಯಕ್ಕಿಂತ ಹೆಚ್ಚು ಎಣ್ಣೆ ಬಳಸುವ ಅಭ್ಯಾಸವನ್ನು ನಾನು ಬಿಡುತ್ತೇನೆ.’

“ಮೇಡಂ, ಇಷ್ಟು ಸಣ್ಣ ಕಾರ್ಡಿಗೆ ಇಷ್ಟುದ್ದ ಹಾಕಿದ್ರೆ ಇರುವೆ ಸಾಲು ಕಂಡ ಹಾಗೆ ಕಾಣುತ್ತೆ” ಎಂದೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರವಿದೆ. ‘ಅಗತ್ಯಕ್ಕಿಂತ ಹೆಚ್ಚು’ ತೆಗೆದೆ. ‘ಬಳಸುವ ಅಭ್ಯಾಸ’ ಹೋಯಿತು. ‘ನಮ್ಮ ಮನೆಯ’ ಯಾಕೆ? ಇನ್ನಾರ ಮನೆ? ಕೊನೆಗೆ ‘ಅಡುಗೆಯಲ್ಲಿ’ ಎಂಬುದೊಂದು ಉಳಿಯಿತು, ಅದು ಎರಡನೇ ಸಾಲಿಗೆ ಜಾರಿ ಅಂದ ಕೆಡಿಸುತ್ತಿತ್ತು. ಅಡುಗೆ ಕ್ಲಾಸಿನವರಿಗೆ ಅಡುಗೆ ಅಂತ ಬೇರೆ ಹೇಳಬೇಕೇ ಎಂದು ಅದನ್ನೂ ಅಳಿಸಿದೆ. ‘ನಾನು ಎಣ್ಣೆ ಬಿಡುತ್ತೇನೆ’, ದಪ್ಪ ಅಕ್ಷರ, ಸುತ್ತ ಬಾರ್ಡರು. ಕೆಳಗೆ ‘ಈಗ ವಾರಕ್ಕೆ’, ‘ಗುರಿ ವಾರಕ್ಕೆ’, ಕೊನೆಯಲ್ಲಿ ‘ಸಾಕ್ಷಿ: ಮನೆಯವರ ಸಹಿ’.

“ಒಂದು ಸಲ ಓದಿ ನೋಡಿ ಮೇಡಂ.”

“ಬಸ್ಸು ಬಿಡ್ತಾ ಇದೆ, ಕೊಡಿ ಕೊಡಿ” ಎಂದು ಕಟ್ಟು ಎತ್ತಿಕೊಂಡು ಓಡಿದರು. ಅವರ ಕೈಬರಹದ ಹಾಳೆ ನನ್ನ ಮೇಜಿನ ಮೇಲೇ ಉಳಿಯಿತು.

ಓದುವವರಲ್ಲಿ ಯಾರಾದರೂ ಮುಗ್ಧರಿದ್ದರೆ ಅವರಿಗಾಗಿ ಹೇಳುತ್ತೇನೆ: ಗಂಡಸರ ಬಾಯಲ್ಲಿ ಎಣ್ಣೆ ಎಂದರೆ ಬಾಣಲೆಗೆ ಹಾಕುವುದಲ್ಲ, ಗ್ಲಾಸಿಗೆ ಹಾಕುವುದು. ವ್ಯಾನಣ್ಣನಾದರೋ ಅದನ್ನು ಜನ್ಮದಲ್ಲಿ ಮುಟ್ಟಿದವನಲ್ಲ. ಸೋಡಾ ಕುಡಿದರೆ ಬಿಕ್ಕಳಿಸುವ ಪ್ರಾಣಿ.

ಐದನೇ ಭಾನುವಾರ ಅವನು ಕಾರ್ಡು ತುಂಬಿದ. ‘ಈಗ ವಾರಕ್ಕೆ: ಎರಡು ಲೀಟರ್ ಇದ್ದದ್ದು ಒಂದು. ಗುರಿ: ಅರ್ಧ.’ ಸಾಕ್ಷಿಯ ಜಾಗ ಖಾಲಿ ಬಿಟ್ಟು ಅಂಗಿ ಜೇಬಿನಲ್ಲಿಟ್ಟ. ಮಾರನೆಯ ಸಂಜೆ ಅಂಗಿ ಒಗೆಯುವ ಬಕೆಟ್ಟಿಗೆ ಬಿತ್ತು. ಲಾಂಡ್ರಿ ಕೆಲಸದವರ ಕೈ ಜೇಬು ತಡಕದೆ ಬಟ್ಟೆ ನೆನೆಹಾಕುವುದಿಲ್ಲ. ಅವನ ಹೆಂಡತಿ ಕಾರ್ಡು ಓದಿದಳು, ಇನ್ನೊಮ್ಮೆ ಓದಿದಳು, ಬಕೆಟ್ ಅಲ್ಲೇ ಬಿಟ್ಟು ನಾಲ್ಕನೇ ಮಹಡಿಗೆ ಹತ್ತಿದಳು. ಕಟ್ಟಡದಲ್ಲಿ ಹಿರಿಯರೆಂದರೆ ಮಾಸ್ತರೇ. ಮೂವತ್ತಾರು ವರ್ಷ ಊರವರ ಕಾರ್ಡು ಓದಿದ ಕಣ್ಣು ಅವರದು.

“ಹನ್ನೊಂದು ವರ್ಷ ಆಯ್ತು ಮಾಸ್ತರೇ ಮದುವೆಯಾಗಿ. ಒಂದು ದಿನ ವಾಸನೆ ಬಂದಿಲ್ಲ.”

“ವಾಸನೆ ಬಂದಿಲ್ಲ ಅಂದ್ರೆ ಏನರ್ಥಮ್ಮ? ಅಷ್ಟು ಪಳಗಿದ ಕೈ ಅಂತ. ಭಾನುವಾರ ಎಲ್ಲಿ ಹೋಗ್ತಾನೆ?”

“ಡ್ರೈವರ್‌ಗಳ ಮೀಟಿಂಗು ಅಂತಾರೆ.”

“ಅದೇ ನೋಡು! ಕುಡಿತ ಬಿಡೋರ ಮೀಟಿಂಗು. ದುಂಡಗೆ ಕುರ್ಚಿ ಹಾಕ್ಕೊಂಡು ಕೂತು, ಒಬ್ಬೊಬ್ಬರಾಗಿ ಎದ್ದು ಅಳ್ತಾರೆ. ನೀನು ಅವನನ್ನ ಒಂದು ಮಾತೂ ಕೇಳಬೇಡ. ಬಿಡ್ತಾ ಇರೋರನ್ನ ಕೆಣಕಿದ್ರೆ ವಾಪಸ್ ಹಿಡ್ಕೋತಾರೆ. ನಾನೂ ಯಾರಿಗೂ ಹೇಳಲ್ಲ.”

ಯಾರಿಗೂ ಹೇಳದ ಆ ಮಾತನ್ನು ಅವರು ಹತ್ತೇ ನಿಮಿಷದಲ್ಲಿ ನನ್ನ ಅಂಗಡಿಗೆ ತಂದರು. “ಇದರದು ನಾಲ್ಕು ಕಾಪಿ ತೆಗಿ. ಮಹಡಿಗೊಂದು ಇರಲಿ, ಎಲ್ಲರೂ ಸೇರಿ ಅವನನ್ನ ಕಾಪಾಡಬೇಕು.” ಕಾರ್ಡು ನೋಡಿದೆ. ನನ್ನದೇ ಬಾರ್ಡರು, ನನ್ನದೇ ದಪ್ಪ ಅಕ್ಷರ. ಆಗ ಬಾಯಿ ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ‘ಅಡುಗೆಯಲ್ಲಿ’ ಎಂಬುದನ್ನು ನುಂಗಿದವನು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಅದೂ ಅಲ್ಲದೆ, ನಿಜ ಹೇಳುತ್ತೇನೆ, ಮುಂದೇನಾಗುತ್ತದೆ ನೋಡೋಣ ಎಂಬ ಕೆಟ್ಟ ಕುತೂಹಲ ನನಗೂ ಇತ್ತು. ನಾಲ್ಕು ಕಾಪಿ ತೆಗೆದುಕೊಟ್ಟೆ. ಚೆನ್ನಾಗಿಯೇ ಬಂದವು.

ಮರುದಿನದಿಂದ ಕಟ್ಟಡದಲ್ಲಿ ಸಂಶೋಧನೆ ಶುರುವಾಯಿತು. ಹನ್ನೊಂದು ವರ್ಷ ಯಾರ ಕಣ್ಣಿಗೂ ಬೀಳದ ಹಾಗೆ ಒಬ್ಬ ಮನುಷ್ಯ ವಾರಕ್ಕೆ ಎರಡು ಲೀಟರ್ ಕುಡಿದದ್ದು ಹೇಗೆ? ಎರಡನೇ ಮಹಡಿಯ ಟೈಲರಮ್ಮನಿಗೆ ಅವನು ರಿವರ್ಸ್ ತೆಗೆಯುವಾಗ ಹಾಡುವುದು ನೆನಪಾಯಿತು. ಎದುರುಮನೆಯವರಿಗೆ ಅವನ ಕಣ್ಣು ಸದಾ ಕೆಂಪಗಿದ್ದದ್ದು ಹೊಳೆಯಿತು. ಮೊದಲನೇ ಮಹಡಿಯ ಮುದುಕರೊಬ್ಬರು “ಅವನು ತೂರಾಡಲ್ಲ, ಗಮನಿಸಿದೀರಾ? ತೂರಾಡಬಾರದು ಅಂತ ಬೇಕಂತಲೇ ನೆಟ್ಟಗೆ ನಡೀತಾನೆ” ಎಂದರು. ಎಲ್ಲರೂ ಹೌದು ಹೌದು ಎಂದರು. ಅಮಲು ಇಳಿಯಲಿ ಅಂತ ಯಾರೋ ಬಾಗಿಲಿಗೆ ನಿಂಬೆಹಣ್ಣು ಇಟ್ಟು ಹೋದರು. ವ್ಯಾನಣ್ಣ ಅದನ್ನು ಬೇಯಿಸಿದ ಬೀನ್ಸಿಗೆ ಹಿಂಡಿಕೊಂಡ.

ಬುಧವಾರ ಮೆಟ್ಟಿಲ ಮೇಲೆ ಮಾಸ್ತರು ಅವನ ಹೆಗಲ ಮೇಲೆ ಕೈಯಿಟ್ಟರು. “ಎಲ್ಲಾ ಗೊತ್ತಾಯ್ತಪ್ಪ ನಮಗೆ. ನಾಚ್ಕೋಬೇಡ.”

ವ್ಯಾನಣ್ಣನ ಮುಖ ಕೆಂಪಾಯಿತು. ಅಡುಗೆ ಕ್ಲಾಸಿನ ಗುಟ್ಟು ಬಯಲಾಯಿತೆಂದೇ ಅವನ ಎಣಿಕೆ. “ಮಾಸ್ತರೇ, ನಿಮಗೆ ಮುಂಚೆ ತಮಾಷೆ ಮಾಡಿದ್ದಕ್ಕೆ ಕ್ಷಮಿಸಿ. ಡಾಕ್ಟರು ಹೇಳಿದ್ರು ಅಂತ ಹೋಗಿದ್ದು.”

“ಒಳ್ಳೇದೇ ಮಾಡಿದೆ. ಅಲ್ಲಿ ಗಂಡಸರೆಲ್ಲ ಎಂಥೋರು?”

“ಗಂಡಸು ಅಂತ ನಾನೊಬ್ಬನೇ. ಮಿಕ್ಕ ಹನ್ನೊಂದೂ ಹೆಂಗಸರು.”

ಮಾಸ್ತರು ಮೆಟ್ಟಿಲ ಕಂಬಿ ಹಿಡಿದುಕೊಂಡರು. “ಹೆಂಗಸರಾ!”

“ಎಪ್ಪತ್ತೆರಡು ವರ್ಷದ ಅಜ್ಜಿ ಒಬ್ರು ಇದಾರೆ. ಅವರದು ಎಂಥಾ ಕೈ ಅಂತೀರಿ! ಬಾಟ್ಲಿ ಎತ್ತಿದ್ರೆ ಅರ್ಧಕ್ಕೆ ನಿಲ್ಲಿಸೋದೇ ಕಷ್ಟ. ಪಾಪ, ಮೊಮ್ಮಕ್ಕಳಿಗೂ ಅದೇ ರುಚಿ ಹತ್ತಿಸಿದಾರೆ.”

“ಮೊಮ್ಮಕ್ಕಳಿಗೂ!” ಮಾಸ್ತರಿಗೆ ಅದಕ್ಕಿಂತ ಹೆಚ್ಚು ಕೇಳುವ ಶಕ್ತಿ ಇರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತರು.

ಅದೇ ಸಂಜೆ ಹೆಂಡತಿಯ ಅಣ್ಣ ಬಂದಿಳಿದ. ಲಿಫ್ಟ್ ರಿಪೇರಿ ಮಾಡುವವನು. ಅವನಿಗೆ ಆ ಅಭ್ಯಾಸ ಉಂಟು, ಅದನ್ನು ಮುಚ್ಚಿಟ್ಟವನೂ ಅಲ್ಲ. ಬುದ್ಧಿ ಹೇಳಲಿ ಅಂತ ತಂಗಿ ಕರೆಸಿದ್ದಳು. ಅವನು ಭಾವನನ್ನು ಮೂಲೆಗೆ ಕರೆದುಕೊಂಡು ಹೋಗಿ, ಕಣ್ಣಲ್ಲಿ ನೀರು ತಂದುಕೊಂಡು, “ಹನ್ನೊಂದು ವರ್ಷದಲ್ಲಿ ಒಂದೇ ಒಂದು ದಿನ ನನ್ನನ್ನ ಕರೀಬೇಕು ಅಂತ ಅನ್ನಿಸಲಿಲ್ವಾ ಭಾವ?” ಎಂದ.

“ನಿನಗೂ ಇಷ್ಟಾನಾ? ಗೊತ್ತಿದ್ರೆ ಕರೀತಿದ್ದೆ. ಮನೆಗೊಬ್ಬರಿಗೆ ಮಾತ್ರ ಅಂದ್ರಲ್ಲ.”

“ಮನೆಗೊಬ್ಬರಾ? ಯಾವನು ಮಾಡಿದ ಕಾನೂನು ಅದು?” ಎಂದು ಅವನು ಸಿಟ್ಟಿನಿಂದ ಮಲಗಿದ.

ಇಷ್ಟರವರೆಗೆ ನಗುವ ವಿಷಯವೇ. ಆದರೆ ನಾಲ್ಕು ಕಾಪಿಯಲ್ಲಿ ಒಂದು, ವ್ಯಾನಿಗೆ ಮಗಳನ್ನು ಕಳಿಸುವ ಟೈಲರಮ್ಮನ ಮನೆಯಲ್ಲಿತ್ತು. ಅಲ್ಲಿಂದ ಅದು ಸ್ಕೂಲಿಗೆ ಹೋಯಿತು. ಶುಕ್ರವಾರ ಹೆಡ್‌ಮಿಸ್ ವ್ಯಾನಣ್ಣನನ್ನು ಕೊಠಡಿಗೆ ಕರೆಸಿದರು.

“ನಾನು ಕೇಳಿದ್ದು ನಿಜಾನಾ? ಎಣ್ಣೆ ವಿಷಯ?”

ತನ್ನ ಬಿ.ಪಿ. ಬಗ್ಗೆ ಸ್ಕೂಲಿನವರಿಗೆ ಇಷ್ಟು ಕಾಳಜಿಯೇ ಎಂದುಕೊಂಡು ವ್ಯಾನಣ್ಣ ಕೈಮುಗಿದ. “ನಿಜ ಮೇಡಂ. ವಾರಕ್ಕೆ ಎರಡು ಲೀಟರ್ ಇತ್ತು. ಕಷ್ಟಪಟ್ಟು ಒಂದಕ್ಕೆ ಇಳಿಸಿದೀನಿ.”

“ಒಂದು ಲೀಟರ್! ಯಾವ ಹೊತ್ತಲ್ಲಿ?”

“ಬೆಳಗ್ಗೆ ಆರೂವರೆಗೆ ಒಂದು ಚಮಚ. ಮಕ್ಕಳನ್ನ ಹತ್ತಿಸೋಕೆ ಮುಂಚೇನೇ ಮುಗಿಸ್ಬೇಕಲ್ಲ ಮೇಡಂ. ಹಾಗೇ ಬಂದ್ರೆ ಸ್ಟೇರಿಂಗ್ ಹಿಡಿಯೋಕೆ ಕೈ ನಡುಗುತ್ತೆ.”

“ಮನೇಲಿ ಹೆಂಡತಿ ಏನೂ ಅನ್ನಲ್ವಾ?”

“ಅವಳದು ನನಗಿಂತ ಜಾಸ್ತಿ ಮೇಡಂ, ಸೌಟಲ್ಲೇ. ಗೊತ್ತಾಗದ ಹಾಗೆ ಅವಳದೂ ಕಡಿಮೆ ಮಾಡಿಸ್ತಾ ಇದೀನಿ.”

ಹೆಡ್‌ಮಿಸ್ ಒಂದು ಲೋಟ ನೀರು ಕುಡಿದರು. ಆಮೇಲೆ ಅಂಗೈ ಚಾಚಿದರು. “ವ್ಯಾನಿನ ಕೀಲಿ.”

“ಯಾಕೆ ಮೇಡಂ? ಡಾಕ್ಟರು ಭಾನುವಾರದವರೆಗೆ ಟೈಮ್ ಕೊಟ್ಟಿದಾರೆ. ವಾರ್ಡ್ ಆಫೀಸಿನ ಹಿಂದಿನ ಹಾಲಲ್ಲಿ ಕೊನೇ ದಿನ. ಬೇಕಾದ್ರೆ ನೀವೇ ಬಂದು ನೋಡಿ.”

“ಬಂದೇ ನೋಡ್ತೀನಿ. ಅಲ್ಲಿವರೆಗೆ ಕೀಲಿ ನನ್ನ ಹತ್ರ ಇರುತ್ತೆ. ನನಗೆ ಒಪ್ಪಿಗೆಯಾಗದಿದ್ರೆ ಸೋಮವಾರದಿಂದ ಬೇರೆ ಡ್ರೈವರ್.”

ಆ ದಿನ ವ್ಯಾನಣ್ಣ ಬಸ್ಸಿನಲ್ಲಿ ಮನೆಗೆ ಬಂದ. ನನ್ನ ಕಟ್ಟೆ ಮೇಲೆ ಕೂತ. ಹದಿನೈದು ವರ್ಷ ಕೀಲಿ ತಿರುಗಿಸಿದ ಬೆರಳು ಸುಮ್ಮನೆ ಗಾಳಿಯಲ್ಲಿ ತಿರುಗುತ್ತಿತ್ತು. “ಸ್ವಲ್ಪ ಬಿ.ಪಿ. ಇರೋದಕ್ಕೆ ಇಷ್ಟೊಂದಾ?” ಎಂದು ಕೇಳಿದ. ನನ್ನ ಕುತೂಹಲವೆಲ್ಲ ಆ ಕ್ಷಣಕ್ಕೆ ಇಳಿದುಹೋಯಿತು. ನಾಚಿಕೆಯಾಯಿತು ನನಗೆ. ಅವನು ಹೋದ ಮೇಲೆ ಮೇಜೆಲ್ಲ ತಡಕಿ, ಹಳೆಯ ಬಿಲ್ಲುಗಳ ಕೆಳಗಿನಿಂದ ಟೀಚರಮ್ಮನ ಕೈಬರಹದ ಹಾಳೆಯನ್ನು ಹುಡುಕಿ ತೆಗೆದೆ.

ಭಾನುವಾರ ನಾವು ಐದು ಜನ ಹಾಲಿನ ಮುಂದೆ ನಿಂತಿದ್ದೆವು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಭಾನುವಾರ ರಜೆ ಹಾಕಿ ಬಂದಿದ್ದ ಹೆಂಡತಿ, ಅವಳ ಅಣ್ಣ, ಮಾಸ್ತರು, ಹೆಡ್‌ಮಿಸ್, ನಾನು. ಬಾಗಿಲು ಮುಚ್ಚಿತ್ತು. ಒಳಗಿನಿಂದ ಟೀಚರಮ್ಮನ ದನಿ ಕೇಳಿಸಿತು: “ಎಲ್ಲರೂ ಎಣ್ಣೆ ಬಿಟ್ಟಿದೀರಾ?”

“ಬಿಟ್ಟಿದೀವಿ ಮೇಡಂ!” ಎಂದು ಹನ್ನೆರಡು ಗಂಟಲು ಒಟ್ಟಿಗೆ ಕೂಗಿದವು.

ಹೆಂಡತಿ ಕಣ್ಣೊರೆಸಿಕೊಂಡಳು. ಅವಳ ಅಣ್ಣ ಮೆಲ್ಲಗೆ, “ಇಷ್ಟು ಜನ ಒಂದೇ ಸಲ ಬಿಟ್ರೆ ಅಂಗಡಿಯೋರ ಗತಿ ಏನು?” ಎಂದ. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಈರುಳ್ಳಿ ಬಾಡಿಸಿದ ಪರಿಮಳ ಬಂತು.

“ನಂಚಿಕೊಳ್ಳೋಕೆ ಏನೋ ಮಾಡ್ತಿರಬೇಕು” ಎಂದರು ಮಾಸ್ತರು. ಹೆಡ್‌ಮಿಸ್ ಬಾಗಿಲು ತಳ್ಳಿಯೇಬಿಟ್ಟರು.

ವ್ಯಾನಣ್ಣ ಟೀಚರಮ್ಮ ಕೊಟ್ಟ ಬೇರೆ ಏಪ್ರನ್ ಕಟ್ಟಿಕೊಂಡು ಕ್ಯಾರೆಟ್ ಹೆಚ್ಚುತ್ತಿದ್ದ. ಪಕ್ಕದಲ್ಲಿ ಎಪ್ಪತ್ತೆರಡರ ಅಜ್ಜಿ ಅಳತೆ ಚಮಚವನ್ನು ಮೂಗಿನ ಹತ್ತಿರ ಹಿಡಿದು ಒಂದೊಂದೇ ಹನಿ ಎಣ್ಣೆ ಇಳಿಸುತ್ತಿದ್ದರು. ಹೆಂಡತಿಯನ್ನು ಕಂಡದ್ದೇ ವ್ಯಾನಣ್ಣ ಚಾಕುವನ್ನು ಬೆನ್ನ ಹಿಂದೆ ಅಡಗಿಸಿ, “ಮೀಟಿಂಗು” ಎಂದ.

ಹೆಡ್‌ಮಿಸ್ ಕಾರ್ಡಿನ ಕಾಪಿ ತೆಗೆದರು. “ಹಾಗಾದ್ರೆ ಇದೇನು? ಇದರಲ್ಲಿ ಎಲ್ಲಿದೆ ಅಡುಗೆ?”

ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ನಾನು ಜೇಬಿನಿಂದ ಹಾಳೆ ತೆಗೆದು ಅವರ ಕೈಗಿಟ್ಟೆ. “ಅಡುಗೆ ಇತ್ತು ಮೇಡಂ. ಸಾಲು ಉದ್ದ ಆಗುತ್ತೆ ಅಂತ ನಾನೇ ತೆಗೆದುಹಾಕಿದೆ.” ಅವರು ಗಟ್ಟಿಯಾಗಿ ಓದಿದರು. ಹಾಲಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. “ಬಾರ್ಡರ್ ಹಾಕೋಕೆ ಜಾಗ ಇತ್ತಲ್ರೀ ನಿಮಗೆ!” ಎಂದರು ಟೀಚರಮ್ಮ.

ಎಲ್ಲರೂ ನಕ್ಕರು. ಹೆಂಡತಿಯೊಬ್ಬಳು ನಗಲಿಲ್ಲ.

“ಆರು ದಿನ ಅತ್ತಿದೀನಿ ನಾನು” ಎಂದಳು. “ಕುಡೀತಾರೆ, ಆದ್ರೆ ಬಿಡೋಕೆ ನೋಡ್ತಿದಾರೆ, ಪಾಪ ಅಂತ. ಕುಡಿದಿದ್ರೂ ಕ್ಷಮಿಸ್ತಿದ್ದೆ ಕಣ್ರೀ! ಇದನ್ನ ಹೇಗೆ ಕ್ಷಮಿಸಲಿ? ಬೆಳಗ್ಗೆಯಿಂದ ನಿಂತು ನಿಂತು ಕಾಲು ಊದಿಸ್ಕೊಂಡು ಬಂದು ಮತ್ತೆ ಒಲೆ ಮುಂದೆ ನಿಲ್ತಿದ್ದೆ. ಇಷ್ಟೆಲ್ಲ ಬರೋ ಮನುಷ್ಯ ಕೂತ್ಕೊಂಡು, ‘ಉಪ್ಪು ಎಲ್ಲಿಟ್ಟಿದೀಯೇ’ ಅಂತ ಕೇಳ್ತಿದ್ರಿ! ಆ ದೊಡ್ಡ ಸೌಟು ಎಲ್ಲಿ?”

“ಟೂಲ್ ಬಾಕ್ಸಲ್ಲಿ” ಎಂದ ವ್ಯಾನಣ್ಣ.

ಸರಿಯಾಗಿ ಆ ಹೊತ್ತಿಗೆ ಡಾಕ್ಟರಮ್ಮ ಪಟ್ಟಿ ಹಿಡಿದು ಬಂದರು. ಕೊನೆಯ ದಿನ ಎಲ್ಲರ ಬಿ.ಪಿ. ನೋಡುವುದೆಂದು ಮೊದಲೇ ಗೊತ್ತಾಗಿತ್ತು. ವ್ಯಾನಣ್ಣನ ತೋಳಿಗೆ ಸುತ್ತಿ ಒತ್ತಿದರು. ನೂರ ಐವತ್ತೆಂಟು.

ಹೆಡ್‌ಮಿಸ್ ಕೀಲಿ ಇದ್ದ ಕೈಚೀಲವನ್ನು ಕಂಕುಳಿಗೆ ಒತ್ತಿಕೊಂಡರು. ಆರು ವಾರದ ಎಲೆಕೋಸು, ಬೀನ್ಸು, ಬಚ್ಚಿಟ್ಟ ಸೌಟು ಎಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು.

“ಈಗ ಬೈಸ್ಕೊಂಡ ಮನುಷ್ಯನ ಬಿ.ಪಿ. ಇದು, ಲೆಕ್ಕಕ್ಕಿಲ್ಲ” ಎಂದರು ಡಾಕ್ಟರಮ್ಮ. “ಹತ್ತು ನಿಮಿಷ ಯಾರೂ ಮಾತಾಡಬಾರದು. ಇನ್ನೊಂದೇ ಸಲ ನೋಡ್ತೀನಿ.”

ಟೀಚರಮ್ಮ ಹೆಂಡತಿಗೆ ಒಂದು ಕುರ್ಚಿ ಹಾಕಿ, ವ್ಯಾನಣ್ಣ ಮಾಡಿದ ಬಟಾಣಿ ಸೂಪನ್ನು ಬಟ್ಟಲಿಗೆ ಹಾಕಿ ಕೈಗೆ ಕೊಟ್ಟರು. ಅವಳು ಸಿಟ್ಟಿನಲ್ಲೇ ಒಂದು ಚಮಚ ಬಾಯಿಗಿಟ್ಟಳು. ವ್ಯಾನಣ್ಣ ಅವಳ ಮುಖ ನೋಡುತ್ತಿದ್ದ, ನಾವೆಲ್ಲ ಅವನ ಮುಖ ನೋಡುತ್ತಿದ್ದೆವು. ಎರಡನೇ ಚಮಚ ಹೋಯಿತು. ಮೂರನೆಯದು ಸ್ವಲ್ಪ ಬೇಗ ಹೋಯಿತು.

“ಬಟಾಣಿ ನೀವೇ ಬಿಡಿಸಿದ್ದಾ?” ಎಂದಳು, ಮಾತಾಡಬಾರದೆಂಬುದನ್ನು ಮರೆತು.

ವ್ಯಾನಣ್ಣ ಹೌದೆಂದು ತಲೆಯಾಡಿಸಿದ. ಮಾಸ್ತರು ಸುಮ್ಮನಿರಲಾರದೆ, ಕೈಯಲ್ಲಿ ಜಡೆ ಹೆಣೆಯುವ ಹಾಗೆ ಮಾಡಿ ಅವನಿಗೆ ತೋರಿಸಿದರು.

ಅವಳು ಬಟ್ಟಲು ಖಾಲಿ ಮಾಡಿ ಮುಂದೆ ಚಾಚಿದಳು. “ಇನ್ನೊಂದು ಸೌಟು ಹಾಕಿ.” ವ್ಯಾನಣ್ಣನ ಭುಜ ಎರಡು ಅಂಗುಲ ಇಳಿಯಿತು. ಅಷ್ಟು ಹೊತ್ತು ಹಿಡಿದಿದ್ದ ಉಸಿರು ಬಿಟ್ಟ. ಡಾಕ್ಟರಮ್ಮ ಅದನ್ನೇ ಕಾಯುತ್ತಿದ್ದವರಂತೆ ಪಟ್ಟಿ ಸುತ್ತಿ ಒತ್ತಿದರು, ಮೀಟರಿಗೆ ಬಗ್ಗಿದರು.

“ನೂರ ಮೂವತ್ತಾರು.” ನಿಂತ ನಿಲುವಿನಲ್ಲೇ ಸರ್ಟಿಫಿಕೇಟಿಗೆ ಸಹಿ ಹಾಕಿದರು.

ಹೆಡ್‌ಮಿಸ್ ಅದನ್ನು ಓದಿ, ಕೈಚೀಲದಿಂದ ಕೀಲಿ ತೆಗೆದು, ಗಂಭೀರವಾಗಿ ಹೇಳಿದರು: “ನಾಳೆಯಿಂದ ನೀವು ವ್ಯಾನ್ ಬಿಡಿ.”

ವ್ಯಾನಣ್ಣನ ಮುಖ ಬಿಳಿಚಿಕೊಂಡಿತು. “ಬಿಡಬೇಕಾ ಮೇಡಂ? ಸಹಿ ಆಯ್ತಲ್ಲ...”

ಡಾಕ್ಟರಮ್ಮ ಗಾಬರಿಯಿಂದ ಮತ್ತೆ ಪಟ್ಟಿಗೆ ಕೈಹಾಕಿದರು. “ಓಡಿಸಿ ಅಂದೆ ಕಣ್ರೀ, ಓಡಿಸಿ!” ಎಂದು ಹೆಡ್‌ಮಿಸ್ ಕೀಲಿಯನ್ನು ಅವನ ಅಂಗೈಗೆ ಒತ್ತಿದರು.

ಇದೆಲ್ಲ ಆಗಿ ನಾಲ್ಕು ತಿಂಗಳಾಯಿತು. ಪ್ರಾಯಶ್ಚಿತ್ತಕ್ಕೆಂದು ನಾನು ಟೀಚರಮ್ಮನ ಪೂರ್ತಿ ಸಾಲನ್ನು, ಒಂದಕ್ಷರ ಬಿಡದೆ, ದೊಡ್ಡ ಹಾಳೆಯಲ್ಲಿ ಹೊಸದಾಗಿ ಪ್ರಿಂಟ್ ಮಾಡಿ, ಒಂದು ಸಂಜೆ ವ್ಯಾನಣ್ಣನ ಮನೆಗೆ ಹತ್ತಿದೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದಳು. ಒಳಗೆ ವ್ಯಾನಣ್ಣ ಏಪ್ರನ್ ಕಟ್ಟಿಕೊಂಡು ಒಲೆ ಮುಂದೆ ನಿಂತಿದ್ದ. ಗೋಡೆಯ ಮೇಲೆ ಹಳೆಯ ಕಾರ್ಡು ಅಂಟಿಸಿತ್ತು. ಸಾಕ್ಷಿಯ ಜಾಗ ಇನ್ನೂ ಖಾಲಿ.

“ಇದೇನಕ್ಕ, ಇನ್ನೂ ಸಹಿ ಹಾಕಿಲ್ವಾ?”

“ಸಾಕ್ಷಿ ಅಂದ್ಮೇಲೆ ಕಣ್ಣಾರೆ ನೋಡಿಯೇ ಹಾಕ್ಬೇಕಲ್ಲ ಅಣ್ಣ. ದಿನಾ ಸಂಜೆ ನೋಡ್ತಾ ಇದೀನಿ. ನಾನು ಸಹಿ ಹಾಕೋವರೆಗೆ ದಿನಾ ಮಾಡಿ ತೋರಿಸ್ತೀನಿ ಅಂತ ಅವರೇ ಒಪ್ಕೊಂಡಿದಾರೆ.”

ಒಳಗಿನಿಂದ ವ್ಯಾನಣ್ಣ ಸೌಟು ಹಿಡಿದು ಆಸೆಗಣ್ಣಿನಿಂದ ನನ್ನ ಕಡೆ ನೋಡಿದ. ನನಗೆ ಪಾಪ ಅನ್ನಿಸಿತು. ಜೇಬಿನಿಂದ ಪೆನ್ನು ತೆಗೆದು ಅವಳ ಮುಂದೆ ಹಿಡಿದೆ. “ತಗೊಳ್ಳಿ ಅಕ್ಕ, ನನ್ನ ಪೆನ್ನಲ್ಲೇ ಹಾಕಿ.”

ಅವಳು ಬಕೆಟ್ಟಿನಲ್ಲಿ ಕಾಲು ಆಡಿಸಿಕೊಂಡು ಕುರ್ಚಿಗೆ ಇನ್ನಷ್ಟು ಒರಗಿದಳು.

“ಅಯ್ಯೋ, ಬಿಡಿ!” ಎಂದಳು.

ಈ ‘ಬಿಡಿ’ಯ ಅರ್ಥದ ಬಗ್ಗೆ ನನಗೆ ಅನುಮಾನ ಬರಲಿಲ್ಲ. ವ್ಯಾನಣ್ಣನಿಗೂ ಬರಲಿಲ್ಲ. ಅವನು ತಿರುಗಿ ಇನ್ನೊಂದು ಈರುಳ್ಳಿ ಹೆಚ್ಚತೊಡಗಿದ.